ಜಾತ್ರೆ ಕುಸ್ತಿಗೆ ನಾನು ಜೋಡಿ ಹಚ್ಚಿದ್ದು

ಸಿಂಧನೂರು ಕಡೆ ನಮ್ಮೂರ ಜಾತ್ರೆಯಲ್ಲಿ ತೇರು ಎಳೆದ ಮರುದಿನ ಕುಸ್ತಿ. ಹದಿನಾಲ್ಕು ವರ್ಷದಿಂದ ಅಲ್ಲಿ ಜೋಡಿ ಹಚ್ಚುವವನು ನಾನು. ಯಾರ ಎದುರು ಯಾರು ಇಳಿಯಬೇಕು ಅಂತ ಹೇಳುವ ಕೆಲಸ. ಹೊರಗಿನಿಂದ ನೋಡಿದರೆ ಸಣ್ಣದು ಅನ್ನಿಸಬಹುದು. ಅದು ತಪ್ಪಿದರೆ ಒಬ್ಬ ಹುಡುಗನ ಭುಜ ಹೋಗುತ್ತದೆ.

ನನ್ನ ಕಣ್ಣೆದುರೇ ಹೋಗಿದೆ. ಆ ವರ್ಷ ಇನಾಮಿನ ದೊಡ್ಡ ಪಾಲು ಒಬ್ಬ ಸಾಹುಕಾರ್ರದ್ದು. ಹೊರಗಿನಿಂದ ಹೆಸರಿದ್ದ ಪೈಲ್ವಾನರೊಬ್ಬರನ್ನು ಕರೆಸಿದ್ದರು. ಅವರೆದುರು ನಮ್ಮ ಗರಡಿ ಹುಡುಗನೇ ಇಳಿಯಬೇಕು, ಊರ ಹುಡುಗ ಅಂದರೆ ಜನ ಸೇರ್ತಾರೆ ಅನ್ನೋದು ಸಾಹುಕಾರ್ರ ಲೆಕ್ಕ. "ದುಡ್ಡು ನಮ್ದು ಅಂದ್ಮೇಲೆ ಜೋಡಿನೂ ನಾವು ಹೇಳಿದಂಗ ಆಗ್ಲಿ ಉಸ್ತಾದ್ರೇ" ಅಂದರು. ನಮ್ಮ ಹುಡುಗ 68 ಕೆಜಿ ಇದ್ದಿರಬೇಕು. ಬಂದವರು ತೊಂಬತ್ತರ ಮೇಲೆ. ನಾನು ಬೇಡ ಅನ್ನಬೇಕಿತ್ತು, ಅನ್ನಲಿಲ್ಲ. ಹಲಗೆ ಬಡಿತ ಜೋರಾಯಿತು, ಇಬ್ಬರೂ ಕೈ ಕೂಡಿಸಿದರು. ಎರಡು ನಿಮಿಷ ಕೂಡ ಆಗಿರಲಿಲ್ಲ, ಹುಡುಗ ಭುಜದ ಮೇಲೆ ಬಿದ್ದ. ಕೂಗಲಿಲ್ಲ. ಎಡಗೈಯಲ್ಲಿ ಬಲಗೈ ಹಿಡಿದುಕೊಂಡು ನನ್ನ ಕಡೆ ನೋಡಿದ. ಮುಖದ ಒಂದು ಮಗ್ಗಲು ಪೂರ್ತಿ ಕೆಮ್ಮಣ್ಣು. ಮತ್ತೆ ಕಣಕ್ಕೆ ಬರೋಕೆ ಅವನಿಗೆ ಏಳು ತಿಂಗಳು ಬೇಕಾಯಿತು.

ಮರುವರ್ಷ ಭತ್ತದ ಅಂಗಡಿಯಿಂದ ಕಾಟಾ ತರಿಸಿದೆ. 75 ಕೆಜಿ ಚೀಲ ತೂಗುವ ಕಾಟಾ. "ಮಣ್ಣಿನ ಕುಸ್ತಿಗೆ ತೂಕ ಯಾಕ?" ಅಂತ ಹಿರಿಯರು ಬೇಜಾರಾದರು. ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ, 2024ರಲ್ಲಿ, ವಿನೇಶ್ ಫೋಗಟ್ 50 ಕೆಜಿ ಫೈನಲ್ ದಿನ ಬರೀ 100 ಗ್ರಾಂ ಜಾಸ್ತಿ ಬಂದಿದ್ದಕ್ಕೆ ಅನರ್ಹರಾದರು. ಅಷ್ಟು ಬಿಗಿ ಜಾತ್ರೆಗೆ ಬೇಡ. ಐದು ಕೆಜಿ ಆಚೀಚೆ ನಡೆಯುತ್ತದೆ. ಇಪ್ಪತ್ತು ಕೆಜಿ ನಡೆಯಲ್ಲ.

ಆದರೆ ಕಾಟಾ ಅರ್ಧ ಮಾತು ಮಾತ್ರ ಹೇಳುತ್ತದೆ. ಉಳಿದರ್ಧಕ್ಕೆ ಕೈಯಿಂದ ಮುಟ್ಟಿ ನೋಡಬೇಕು. ಜೋಡಿ ಕೇಳಿಕೊಂಡು ಬಂದವನ ಮಣಿಕಟ್ಟು ಹಿಡಿಯುತ್ತೇನೆ. ಬಿಡಿಸಿಕೋ ಅನ್ನುತ್ತೇನೆ. ಹೊಸಬ ಕೈಯನ್ನು ಹಿಂದಕ್ಕೆ ಜಗ್ಗುತ್ತಾನೆ. ಪಳಗಿದವನು ಜಗ್ಗುವುದಿಲ್ಲ, ನನ್ನ ಹೆಬ್ಬೆರಳಿನ ಕಡೆ ತಿರುಗಿಸುತ್ತಾನೆ, ಕೈ ತಾನೇ ಬಿಟ್ಟುಬಿಡುತ್ತದೆ. ಆಮೇಲೆ ಕಿವಿ. ವರ್ಷಗಟ್ಟಲೆ ಮಣ್ಣಿಗೆ ಉಜ್ಜಿಸಿಕೊಂಡ ಕಿವಿ ಮುದುಡಿ ಗಟ್ಟಿಯಾಗಿರುತ್ತದೆ. ಕುತ್ತಿಗೆ ಹಿಂದೆ ಅಂಗೈ ಇಟ್ಟು ಒತ್ತಿದರೆ ತಲೆ ಬಗ್ಗುತ್ತದೋ ಇಲ್ಲವೋ ಗೊತ್ತಾಗುತ್ತದೆ. ಇಷ್ಟಾದ ಮೇಲೆ ಕಳೆದ ವರ್ಷ ಯಾರನ್ನು ಚಿತ್ ಮಾಡಿದ, ಯಾರ ಕೈಲಿ ಬಿದ್ದ ಅಂತ ನನ್ನ ನೋಟ್‌ಬುಕ್ ನೋಡುತ್ತೇನೆ.

ದುಡ್ಡಿನ ಮೇಲೆ ನನಗೆ ಸಿಟ್ಟಿಲ್ಲ. ಹಾಲು, ತುಪ್ಪ, ಬಾದಾಮಿ, ಮೊಟ್ಟೆ ಇಲ್ಲದೆ ಮೈ ನಿಲ್ಲಲ್ಲ, ಅದನ್ನು ಬಡವರ ಮನೆ ಎಷ್ಟು ದಿನ ಕೊಟ್ಟೀತು? ಇನಾಮು ಕೊಡುವವರು ಇದ್ದುದರಿಂದಲೇ ನಮ್ಮ ಗರಡಿ ಇನ್ನೂ ಇದೆ.

ನಮ್ಮ ಹುಡುಗರು ಮೊಬೈಲಿನಲ್ಲಿ ಬಾಕ್ಸಿಂಗ್ ನೋಡುತ್ತಾರೆ. 2017ರ ಆಗಸ್ಟ್ 26ರಂದು ಲಾಸ್ ವೇಗಾಸ್‌ನಲ್ಲಿ ನಡೆದ ಮೇವೆದರ್–ಮೆಕ್‌ಗ್ರೆಗರ್ ಪಂದ್ಯ ನನಗೆ ತೋರಿಸಿದ್ದು ಅವರೇ. ಮೇವೆದರ್ ಆಗ 49ಕ್ಕೆ 49 ಗೆದ್ದವರು. ಮೆಕ್‌ಗ್ರೆಗರ್ ಗುದ್ದು, ಒದೆ, ಕುಸ್ತಿ ಎಲ್ಲ ಕೂಡಿದ ಯುಎಫ್‌ಸಿ ಕಾಳಗದಲ್ಲಿ ಚಾಂಪಿಯನ್, ಆದರೆ ವೃತ್ತಿ ಬಾಕ್ಸಿಂಗ್‌ನಲ್ಲಿ ಅವರಿಗೆ ಅದೇ ಮೊದಲ ಪಂದ್ಯ. ಹತ್ತನೇ ಸುತ್ತಿಗೆ ಮುಗಿಯಿತು, ಮೇವೆದರ್ ಗೆದ್ದರು. ಅಮೆರಿಕದಲ್ಲೇ ಸುಮಾರು 43 ಲಕ್ಷ ಕಡೆ ದುಡ್ಡು ಕಟ್ಟಿ ಟಿವಿಯಲ್ಲಿ ನೋಡಿದರಂತೆ. ಜನ ನೋಡಿದ್ದು ಎರಡು ಹೆಸರನ್ನು, ಜೋಡಿಯನ್ನಲ್ಲ. "ಅಲ್ಲಿ ನಡೀತದ, ಇಲ್ಲಿ ಯಾಕ ನಡಿಯಲ್ಲ ಉಸ್ತಾದ್?" ಅಂತ ಒಬ್ಬ ಕೇಳಿದ. ಅಲ್ಲಿ ಸೋತವನಿಗೂ ಕೋಟಿಗಟ್ಟಲೆ ಸಿಕ್ಕಿತು ತಮ್ಮಾ, ನಿನ್ನ ಭುಜ ಹೋದರೆ ಮನೆಯಲ್ಲಿ ಯಾರು ದುಡೀತಾರೆ ಅಂದೆ.

ಅದೇ ಬಾಕ್ಸಿಂಗ್‌ನಲ್ಲಿ ಒಂದು ಒಳ್ಳೆ ಪದ್ಧತಿನೂ ಇದೆ. ಪಟ್ಟ ಇರುವವನು ಗೊತ್ತಾದ ಅವಧಿಯೊಳಗೆ ಪಟ್ಟಿಯಲ್ಲಿ ಮೇಲಿರುವ ಎದುರಾಳಿಯ ಜೊತೆ ಆಡಲೇಬೇಕು. ಇಲ್ಲದಿದ್ದರೆ ಪಟ್ಟ ಕಳೆದುಕೊಳ್ಳಬಹುದು. ಕಡ್ಡಾಯ ಎದುರಾಳಿ ಅನ್ನುತ್ತಾರೆ. ಅದು ನನಗೆ ಬಹಳ ಹಿಡಿಸಿತು. ಕಮಿಟಿಯ ಮುಂದೆ ಕೂತು ಒಂದು ಮಾತು ಇಟ್ಟೆ: ಎಲ್ಲ ಜೋಡಿ ತೂಕದ ಮೇಲೆಯೇ ಆಗಬೇಕು. ಅದರಲ್ಲಿ ಒಂದು ಜೋಡಿ ಬರೀ ನೋಟ್‌ಬುಕ್ ನೋಡಿ ಹಚ್ಚಿದ್ದು, ಅದಕ್ಕೆ ಯಾರೂ ಹೆಸರು ಸೂಚಿಸೋ ಹಾಗಿಲ್ಲ. ಇನಾಮು ಕೊಡುವವರ ಹೆಸರನ್ನು ಜೋಡಿ ಗೊತ್ತಾದ ಮೇಲೆಯೇ ಮೈಕಿನಲ್ಲಿ ಕೂಗಬೇಕು. ಎರಡು ರಾತ್ರಿ ವಾದ ನಡೆಯಿತು. ಸಾಹುಕಾರ್ರು ಆ ವರ್ಷ ಅರ್ಧ ದುಡ್ಡು ಕಡಿಮೆ ಮಾಡಿದರು. ಗೆದ್ದವನಿಗೆ ಬರೀ ತೆಂಗಿನಕಾಯಿ ಕೊಡುವ ಸಣ್ಣ ಕುಸ್ತಿ ಜಾಸ್ತಿ ಇಟ್ಟು ಹೇಗೋ ದಿನ ದಾಟಿಸಿದೆವು.

ಕೊನೆಯ ದೊಡ್ಡ ಕುಸ್ತಿಗೆ ಯಾರನ್ನು ಕರೆಸಬೇಕು ಅನ್ನೋದು ಇವತ್ತಿಗೂ ದುಡ್ಡು ಕೊಟ್ಟವರ ಕೈಯಲ್ಲೇ ಇದೆ. ಅದನ್ನು ನಾನು ಬಿಟ್ಟುಕೊಟ್ಟಿದ್ದೇನೆ. ಕಾಟಾ ಹತ್ತದೆ ಯಾರೂ ಕಣಕ್ಕೆ ಇಳಿಯಬಾರದು, ಅದೊಂದು ಮಾತ್ರ ಬಿಟ್ಟಿಲ್ಲ.

ಈ ಸಲ ನೋಟ್‌ಬುಕ್ಕಿನ ಜೋಡಿ ಗೊತ್ತಾಗಿದೆ. ಒಬ್ಬ ಮಾನ್ವಿ ಕಡೆಯವನು, ಇನ್ನೊಬ್ಬ ಲಿಂಗಸುಗೂರಿನವನು. ಎರಡು ಕೆಜಿ ಫರಕು. ಇಬ್ಬರೂ ಹೋದ ವರ್ಷ ಮೂರು ಮೂರು ಕುಸ್ತಿ ಗೆದ್ದವರು. ಮಾನ್ವಿ ಹುಡುಗನ ಹತ್ರ ಬಸ್ ಚಾರ್ಜಿಗೆ ದುಡ್ಡಿಲ್ಲವಂತೆ. ನಿನ್ನೆ ಸಂಜೆ ಕಳಿಸಿದೆ.