ಗಮನ ನಿಲ್ಲದ ಮಗು, ಬಾವಿ, ಕಡಲು, ಹೆದ್ದಾರಿ

"ಬಾವಿಕಟ್ಟೆ ಹತ್ತಬೇಡ ಅಂತ ನೂರು ಸಲ ಹೇಳಿದ್ದೇವೆ, ಆದರೂ ಹತ್ತುತ್ತಾನೆ." ಎಡಿಎಚ್‌ಡಿ (ಗಮನ ನಿಲ್ಲದಿರುವ, ಇಲ್ಲವೇ ಯೋಚಿಸುವ ಮೊದಲೇ ಮುನ್ನುಗ್ಗುವ ತೊಂದರೆ) ಇರುವ ಎಷ್ಟೋ ಮಕ್ಕಳಿಗೆ ಆ ಮಾತು ಮರೆತಿರುವುದಿಲ್ಲ, ಕೇಳಿದರೆ ಸರಿಯಾಗಿಯೇ ಹೇಳುತ್ತಾರೆ. ಬಾವಿಯೊಳಗೆ ಕಪ್ಪೆ ಕಂಡ ಕ್ಷಣ ಕಾಲು ಮುಂದಾಗುತ್ತದೆ, ಮಾತು ಆಮೇಲೆ ನೆನಪಾಗುತ್ತದೆ. ಇದು ಹಟವಲ್ಲ, ಸಾಕಿದವರ ತಪ್ಪೂ ಅಲ್ಲ. ಬುದ್ಧಿಮಾತಿನ ಜೊತೆಗೆ ಗಟ್ಟಿಯಾದ ತಡೆಯೂ ಬೇಕು.

ಮನೆಯ ತೆರೆದ ಬಾವಿಯಿಂದಲೇ ಶುರು ಮಾಡಿ. ಹತ್ತುವ ಮಗುವಿಗೆ ಬಾವಿಕಟ್ಟೆಯೇ ಮೆಟ್ಟಿಲಾಗುತ್ತದೆ. ಬಾಯಿಗೆ ಕಬ್ಬಿಣದ ಜಾಲರಿ ಕೂರಿಸಿ, ಕೊಡ ಇಳಿಯುವಷ್ಟು ಬಾಗಿಲು ಬಿಟ್ಟು ಬೀಗ ಹಾಕಿ. ನೈಲಾನ್ ಬಲೆ ಕಸ ತಡೆಯುತ್ತದೆ, ಮಗುವಿನ ಭಾರ ತಡೆಯುತ್ತದೆಂದು ನಂಬಬೇಡಿ. ಕಟ್ಟೆಗೆ ತಾಗಿ ಬಕೆಟ್, ಕಲ್ಲು, ಕುರ್ಚಿ ಇರಬಾರದು. ಅಡಿಕೆ ತೋಟದ ಬಾವಿಗೆ ಕಟ್ಟೆಯೇ ಇಲ್ಲದಿದ್ದರೆ ಸುತ್ತ ಬೇಲಿ ಬೇಕೇ ಬೇಕು.

ಕಾರವಾರ, ಗೋಕರ್ಣದ ಕಡಲತೀರಕ್ಕೆ ಹೋದಾಗ ಮಗುವನ್ನು ನೋಡಿಕೊಳ್ಳುವುದು ಒಬ್ಬ ದೊಡ್ಡವರ ಒಂದೇ ಕೆಲಸವಾಗಲಿ, ಮೊಬೈಲ್ ಜೇಬಿನಲ್ಲಿರಲಿ. ಎಲ್ಲರೂ ಸೇರಿ ನೋಡಿಕೊಳ್ಳುವುದು ಎಂದಾದಾಗಲೇ ಕಣ್ಣು ತಪ್ಪುವುದು. ಕೈ ಚಾಚಿದರೆ ಸಿಗುವ ದೂರದಲ್ಲಿ ನಿಂತು, 15 ನಿಮಿಷಕ್ಕೊಮ್ಮೆ ಸರದಿ ಬದಲಿಸಿ, "ಈಗ ನೀನು" ಎಂದು ಬಾಯಿಬಿಟ್ಟು ಹೇಳಿ. ಮಳೆಗಾಲದಲ್ಲಿ ನೀರಿಗಿಳಿಸಬೇಡಿ.

ಹೊತ್ತಿನ ಲೆಕ್ಕವೂ ಇದೆ. ಎಡಿಎಚ್‌ಡಿಗೆ ವೈದ್ಯರು ಕೊಡುವ ಮೀಥೈಲ್‌ಫೆನಿಡೇಟ್ ಎಂಬ ಔಷಧದ ಸಾಮಾನ್ಯ ಬಗೆಯ ಮಾತ್ರೆಯ ಪರಿಣಾಮ ಸುಮಾರು 4 ಗಂಟೆ. ಬೆಳಿಗ್ಗೆ ಮಾತ್ರ ನುಂಗಿದ ಮಗು ಸಂಜೆ ಕಡಲಿಗೆ ಹೋಗುವಾಗ ಅದರ ಆಸರೆ ಇರುವುದಿಲ್ಲ. ತಪ್ಪಿದ ಮಾತ್ರೆಗೆಂದು ಎರಡು ಒಟ್ಟಿಗೆ ಕೊಡಬೇಡಿ, ಮಾತ್ರೆಗೆ ಬೀಗವಿರಲಿ.

ಹೆದ್ದಾರಿ 66ರಲ್ಲಿ ಬಸ್ಸಿಳಿಯುವಾಗ ನೀವು ಮೊದಲು ಇಳಿದು ಮಗುವಿನ ಮಣಿಕಟ್ಟು ಹಿಡಿಯಿರಿ, ಬೆರಳಾದರೆ ಜಾರುತ್ತದೆ. ಬಸ್ಸು ಹೋದ ಮೇಲೆಯೇ ದಾಟಿ. "ಹುಷಾರು" ಎಂದರೆ ಏನು ಮಾಡಬೇಕೆಂದು ಮಗುವಿಗೆ ತಿಳಿಯದು. "ಈ ಕಂಬ ಮುಟ್ಟಿ ನಿಲ್ಲು" ಎಂದರೆ ತಿಳಿಯುತ್ತದೆ. ಒಂದು ಸಲಕ್ಕೆ ಒಂದೇ ಮಾತು, ಮಾಡಿದ ಕೂಡಲೇ ಶಭಾಷ್.

ಓಡಾಡುವ ಮಕ್ಕಳಿಗೆಲ್ಲ ಎಡಿಎಚ್‌ಡಿ ಎಂಬ ಹೆಸರು ಹಚ್ಚಬೇಡಿ. ಲಕ್ಷಣಗಳು 12 ವರ್ಷದೊಳಗೇ ಕಂಡಿರಬೇಕು, ಕನಿಷ್ಠ 6 ತಿಂಗಳು ಉಳಿದಿರಬೇಕು, ಮನೆ ಮತ್ತು ಶಾಲೆಯಂಥ ಎರಡು ಕಡೆ ತೊಂದರೆ ಕೊಡುತ್ತಿರಬೇಕು. ಓಡದೆ, ಕಿಟಕಿ ನೋಡುತ್ತ ಕೂರುವ ಮಕ್ಕಳಲ್ಲೂ, ಮುಖ್ಯವಾಗಿ ಹುಡುಗಿಯರಲ್ಲಿ, ಇದು ಕಣ್ಣಿಗೆ ಬೀಳದೆ ಹೋಗುತ್ತದೆ. ಅನುಮಾನವಿದ್ದರೆ ಮಕ್ಕಳ ತಜ್ಞರಿಗೋ ಮನೋವೈದ್ಯರಿಗೋ ತೋರಿಸಿ. ಮೊದಲ ಸಲಹೆಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 14416. ವೈದ್ಯರ ಬಳಿ ಹೋಗುವಾಗ ಶಾಲೆಯ ಶಿಕ್ಷಕರಿಂದ ಮಗುವಿನ ಬಗ್ಗೆ ಅರ್ಧ ಪುಟ ಬರೆಸಿಕೊಂಡು ಹೋಗಿ, ವೈದ್ಯರು ಅದನ್ನು ಕೇಳಿಯೇ ಕೇಳುತ್ತಾರೆ.