ಅಕ್ಕಿ ಚೀಲ, ಹುಲ್ಲಿನ ಪೆಂಡಿ, 119 ಡಾಲರ್: ನಮ್ಮ ಗ್ಯಾರೇಜ್ ಕೌಬಾಯ್ ಊರಾದ ಕಥೆ

ನಮ್ಮ ಯಜಮಾನರಿಗೆ ನಲವತ್ತು ತುಂಬಿದ ವರ್ಷ ಹುಟ್ಟುಹಬ್ಬವನ್ನು ಕೌಬಾಯ್ ಥೀಮಿನಲ್ಲೇ ಮಾಡಬೇಕು ಅಂತ ಹಟ ಹಿಡಿದವಳು ಮಗಳು. ನಾವಿರುವುದು ಟೆಕ್ಸಸ್‌ನ ರೌಂಡ್ ರಾಕ್‌ನಲ್ಲಿ, ಆಸ್ಟಿನ್‌ನ ಉತ್ತರಕ್ಕೆ ಅಂಟಿಕೊಂಡಿರುವ ಊರು. ಆಫೀಸಿನವರು, ಕನ್ನಡ ಬಳಗದವರು, ಅಕ್ಕಪಕ್ಕದವರು ಎಲ್ಲ ಸೇರಿ 35 ಜನ. ಹಾಲ್ ಬಾಡಿಗೆ ವಿಚಾರಿಸಿದರೆ ಊಟಕ್ಕೆಂದು ತೆಗೆದಿಟ್ಟ ದುಡ್ಡೆಲ್ಲ ಅದಕ್ಕೇ ಸರಿಹೋಗುವ ಹಾಗಿತ್ತು. ಉಳಿದದ್ದು ನಮ್ಮ ಎರಡು ಕಾರಿನ ಗ್ಯಾರೇಜ್. 20 ಅಡಿಗೆ 20 ಅಡಿ, ಸಿಮೆಂಟ್ ನೆಲ, ಮೂಲೆಯಲ್ಲಿ ಗ್ಯಾಸಿನ ವಾಟರ್ ಹೀಟರ್, ಒಂದು ಗೋಡೆಗೆ ಸೈಕಲ್ಲು, ಇನ್ನೊಂದಕ್ಕೆ ಊರಿಂದ ಬಂದ ಸೂಟ್‌ಕೇಸುಗಳು.

ಪಾರ್ಟಿ ಸಾಮಾನಿನ ಅಂಗಡಿಯಲ್ಲಿ ‘ವೆಸ್ಟರ್ನ್ ಕಿಟ್’ ಸಿಗುತ್ತದೆ. ತೆಳ್ಳನೆ ಪ್ಲಾಸ್ಟಿಕ್ ಹಾಳೆಯ ಮೇಲೆ ಅಚ್ಚು ಹಾಕಿದ ಮರದ ಗೋಡೆ, ಗಾಳಿ ತುಂಬುವ ಪಾಪಾಸುಕಳ್ಳಿ, ಕಾಗದದ ಟೋಪಿ. ಕೈಯಲ್ಲಿ ಹಿಡಿದು ನೋಡಿದೆ, ವಾಪಸ್ ಇಟ್ಟೆ. ಅದನ್ನು ಯಾವ ಊರಲ್ಲಿ ಬೇಕಾದರೂ ತೂಗುಹಾಕಬಹುದು, ಯಾವ ಊರಿಗೂ ಅದು ಸೇರಿದ್ದಲ್ಲ. ನಮಗೆ ಆ ಗತಿ ಇರಲಿಲ್ಲ. ನಮ್ಮೂರಿನ ಹೆಸರೇ ಬ್ರಷಿ ಕ್ರೀಕ್ ಹಳ್ಳದ ನಡುವೆ ಕೂತಿರುವ ಒಂದು ದುಂಡು ಬಂಡೆಯಿಂದ ಬಂದದ್ದು. ಗಾಡಿಗಳು ಹಳ್ಳ ದಾಟುತ್ತಿದ್ದ ಜಾಗ ಅದು. ಹಾಸುಬಂಡೆಯಲ್ಲಿ ಚಕ್ರ ಸವೆದು ಮೂಡಿದ ಗೆರೆಗಳು ಈಗಲೂ ಇವೆ. 1867ರಿಂದ ಕಾನ್ಸಸ್‌ನ ರೈಲು ನಿಲ್ದಾಣಗಳಿಗೆ ದನದ ಮಂದೆ ಹೊಡೆದುಕೊಂಡು ಹೋದ ಚಿಸಮ್ ಟ್ರೇಲ್ ಇಲ್ಲೇ ಹಾದುಹೋಗಿತ್ತು. ರೈಲು ದರೋಡೆಕೋರ ಸ್ಯಾಮ್ ಬಾಸ್ ಇಲ್ಲಿನ ಬ್ಯಾಂಕ್ ಲೂಟಿ ಮಾಡಲು ಬಂದು, 1878ರ ಜುಲೈನಲ್ಲಿ ಗುಂಡೇಟು ತಿಂದು, ತನ್ನ 27ನೇ ಹುಟ್ಟುಹಬ್ಬದ ದಿನವೇ ಸತ್ತ. ಅವನ ಸಮಾಧಿ ಇಲ್ಲಿದೆ, ಅವನ ಹೆಸರಿನ ರಸ್ತೆಯೂ ಇದೆ. ಇಷ್ಟೆಲ್ಲ ನಮ್ಮ ಕಾಲಬುಡದಲ್ಲೇ ಇರುವಾಗ ಪ್ಲಾಸ್ಟಿಕ್ ಕಳ್ಳಿ ಯಾಕೆ ಅನ್ನಿಸಿತು.

ಮೊದಲು ಮಾಡಿದ ಕೆಲಸ, ಗ್ಯಾರೇಜ್ ಬಾಗಿಲು ಪೂರ್ತಿ ತೆರೆದು ಹೊರಗೆ ಡ್ರೈವ್‌ವೇಯಲ್ಲಿ ನಿಂತು ಒಳಗೆ ನೋಡಿದ್ದು. ಬರುವವರ ಕಣ್ಣು ನೇರ ಹೋಗುವುದು ಹಿಂದಿನ ಗೋಡೆಗೆ. ಪಕ್ಕದ ಗೋಡೆಗಳು ಅರ್ಧ ಕತ್ತಲಲ್ಲಿರುತ್ತವೆ. ಹಾಗಾಗಿ ಹಿಂದಿನ ಗೋಡೆ ಒಂದನ್ನು ಮನಸ್ಸಿಟ್ಟು ಮಾಡುವುದು, ಉಳಿದೆರಡನ್ನು ಬರೀ ಮುಚ್ಚುವುದು ಅಂತ ಅಲ್ಲೇ ನಿಂತು ತೀರ್ಮಾನಿಸಿದೆ. ದುಡ್ಡು ಹೆಚ್ಚು ಉಳಿದದ್ದು ಇದರಿಂದಲೇ. ಇನ್ನೊಂದು ವಿಷಯವೂ ಆಗಲೇ ಗೊತ್ತಾಯಿತು: ಬಾಗಿಲು ಮೇಲೆ ಹೋದಾಗ ಅದು ಛಾವಣಿಯ ಕೆಳಗೆ ಅಡ್ಡಡ್ಡ ಮಲಗುತ್ತದೆ. ಮುಂದಿನ ಅರ್ಧ ಛಾವಣಿಗೆ ಏನನ್ನೂ ತೂಗುಹಾಕುವ ಹಾಗಿಲ್ಲ. ಬಾಗಿಲಿನ ಹಳಿಗಳಿಗಾಗಲಿ ಸ್ಪ್ರಿಂಗಿಗಾಗಲಿ ಏನನ್ನೂ ಕಟ್ಟಲೇಬಾರದು. ಪಾರ್ಟಿಯ ದಿನ ಯಾರೋ ಮಗು ಗುಂಡಿ ಒತ್ತಿ ಬಾಗಿಲು ಇಳಿಸದಂತೆ ಓಪನರ್ ಲಾಕ್ ಮಾಡಿಟ್ಟೆವು.

ಪಕ್ಕದ ಗೋಡೆ ಮುಚ್ಚಲು ಗೋಣಿ ಬಟ್ಟೆ ಬೇಕಿತ್ತು. ಗಜದ ಲೆಕ್ಕದಲ್ಲಿ ಕೊಂಡರೆ ಅದೇ ದೊಡ್ಡ ಖರ್ಚು. ಆದರೆ ಅಮೆರಿಕದ ಯಾವ ಭಾರತೀಯ ಮನೆಯಲ್ಲಿ ನೋಡಿದರೂ ಜಿಪ್ ಇರುವ ಬಾಸ್ಮತಿ ಅಕ್ಕಿಯ ಗೋಣಿ ಚೀಲ ನಾಲ್ಕಾದರೂ ಇರುತ್ತವೆ, ಯಾರೂ ಎಸೆಯುವುದಿಲ್ಲ. ಬಳಗದ ವಾಟ್ಸಾಪ್ ಗುಂಪಿನಲ್ಲಿ ಒಂದು ಸಾಲು ಹಾಕಿದೆ: ‘ಖಾಲಿ ಅಕ್ಕಿ ಚೀಲ ಇದ್ದರೆ ಕೊಡಿ.’ ಒಂದು ವಾರಕ್ಕೆ 41 ಚೀಲ ಬಂದವು. ಪಕ್ಕದ ಹೊಲಿಗೆ ಬಿಚ್ಚಿ ಬಿಡಿಸಿ, ಅಚ್ಚು ಹಿಂದೆ ಹೋಗುವ ಹಾಗೆ ಮಗುಚಿ, ಉದ್ದುದ್ದ ಟಾಕಾ ಹಾಕಿ ಪರದೆ ಮಾಡಿದೆ. ಕೆಲವು ಚೀಲಗಳ ಒಳಗೆ ಪ್ಲಾಸ್ಟಿಕ್ ಪದರ ಅಂಟಿಸಿರುತ್ತಾರೆ, ಅವನ್ನು ಮಗುಚಿದರೆ ಮಿಂಚುತ್ತವೆ. ಅಂಥವನ್ನು ಬೇರೆ ತೆಗೆದಿಟ್ಟು, ಹಳೇ ಪೇಪರ್ ತುಂಬಿ, ಬಾಯಿಗೆ ಹುರಿ ಬಿಗಿದು, ಅಚ್ಚಿನ ಕಡೆ ಗೋಡೆಗೆ ತಿರುಗಿಸಿ ಧಾನ್ಯದ ಮೂಟೆ ಅಂತ ಪೇರಿಸಿದೆವು. ಒಂದು ಸಲಹೆ: ಚೀಲಗಳನ್ನು ಎರಡು ದಿನ ಹೊರಗೆ ಒಣಗಿಸಿ, ಚೆನ್ನಾಗಿ ಕೊಡವಿ. ಒಂದೆರಡರ ಹೊಲಿಗೆ ಸಂದಿಯಲ್ಲಿ ಅಕ್ಕಿಹುಳ ಇದ್ದವು.

ಪರದೆಗಳನ್ನು ಟೇಪಿನಿಂದ ಅಂಟಿಸಿ ಮಲಗಿದೆ. ಬೆಳಿಗ್ಗೆ ನೋಡಿದರೆ ಎಲ್ಲ ನೆಲದ ಮೇಲೆ. ಗಟ್ಟಿ ಟೇಪ್ ತಂದು ಮತ್ತೆ ಅಂಟಿಸಿದೆ, ಮಧ್ಯಾಹ್ನದ ಸೆಕೆಗೆ ಅದೂ ಬಿಟ್ಟುಕೊಂಡಿತು, ಜೊತೆಗೆ ಗೋಡೆಯ ಬಣ್ಣವನ್ನೂ ಕಿತ್ತುಕೊಂಡಿತು. ಗ್ಯಾರೇಜ್ ಗೋಡೆಯ ಮೇಲೆ ವರ್ಷಗಳ ದೂಳು ಇರುತ್ತದೆ, ಗೋಣಿ ತೂಕವಾಗಿರುತ್ತದೆ, ಟೇಪಿನ ಕೈಲಿ ಆಗುವ ಕೆಲಸ ಅಲ್ಲ ಅದು. ತಿಪಟೂರಿನಿಂದ ಬಂದು ನಮ್ಮ ಜೊತೆ ಆರು ತಿಂಗಳು ಇದ್ದ ನಮ್ಮ ಮಾವ ಕುರ್ಚಿ ಹಾಕಿಕೊಂಡು ಎರಡು ದಿನದಿಂದ ಇದನ್ನೆಲ್ಲ ನೋಡುತ್ತಿದ್ದರು.

“ಅಂಟಿಸೋದು ಬಿಡಮ್ಮ. ಚಪ್ಪರಕ್ಕೆ ಯಾರಾದ್ರೂ ಗಮ್ ಹಾಕ್ತಾರಾ? ಹಗ್ಗ ಎಳಿ.”

“ಎಲ್ಲಿಗೆ ಕಟ್ಟೋದು ಮಾವ? ಕಂಬ ಇಲ್ವಲ್ಲ.”

“ಗೋಡೆ ಒಳಗೆ ಮರ ಇರುತ್ತೆ ಅಂತ ನೀನೇ ಹೇಳಿದ್ದಲ್ಲ.”

ಇಲ್ಲಿನ ಗೋಡೆ ಅಂದರೆ ಜಿಪ್ಸಮ್ ಹಲಗೆ, ಅದರ ಹಿಂದೆ ಸಾಮಾನ್ಯವಾಗಿ 16 ಇಂಚಿಗೊಂದು ಮರದ ಪಟ್ಟಿ. ಬೆರಳ ಗೆಣ್ಣಿನಿಂದ ತಟ್ಟುತ್ತಾ ಹೋದರೆ ಟೊಳ್ಳು ಸದ್ದು ನಿಂತು ಗಟ್ಟಿ ಸದ್ದು ಬರುವ ಕಡೆ ಮರ ಇರುತ್ತದೆ. ಮಾವ ತಟ್ಟಿದರು, ನಾನು ಪೆನ್ಸಿಲ್ ಗುರುತು ಹಾಕಿದೆ. ಒಂದೊಂದು ಗೋಡೆಗೆ ಮೂರು ಕೊಕ್ಕೆ ತಿರುಪಿ, ಹಗ್ಗ ಎಳೆದು, ಮಾವಿನ ತೋರಣ ಕಟ್ಟುವಾಗ ಹಾಕುವ ಜಾರುಗಂಟನ್ನೇ ಹಾಕಿ ಬಿಗಿದರು. ಪರದೆಯ ಮೇಲಂಚನ್ನು ಹಗ್ಗದ ಮೇಲೆ ಮಡಚಿ ಬಟ್ಟೆ ಒಣಗಿಸುವ ಮರದ ಕ್ಲಿಪ್ ಹಾಕಿದೆವು. 20 ನಿಮಿಷಕ್ಕೆ ಎರಡೂ ಗೋಡೆ ಮುಗಿಯಿತು. ಕ್ಲಿಪ್ಪುಗಳೂ ಆ ಕಾಲದ ಸಾಮಾನಿನಂತೆಯೇ ಕಾಣುತ್ತಿದ್ದವು.

ಇನ್ನು ಹಿಂದಿನ ಗೋಡೆ. ಅದು ಸಲೂನ್, ಅಂದರೆ ಆ ಕಾಲದ ಹೆಂಡದಂಗಡಿ, ಅದರ ಮುಂಭಾಗ. ನೆರೆಮನೆಗೆ ಹೊಸ ಫ್ರಿಜ್ ಬಂದಿತ್ತು, ಅದರ ರಟ್ಟಿನ ಪೆಟ್ಟಿಗೆ ಸಿಕ್ಕಿತು. ಮನೆ ಬದಲಿಸಿದವರೊಬ್ಬರು ಇನ್ನೊಂದಿಷ್ಟು ಕೊಟ್ಟರು. ಪೇಂಟ್ ಅಂಗಡಿಯಲ್ಲಿ ಗಿರಾಕಿಗೆ ಬಣ್ಣ ಒಪ್ಪಿಗೆಯಾಗದೆ ವಾಪಸ್ ಬಂದ ಡಬ್ಬಗಳನ್ನು ಒಂದು ಮೂಲೆಯಲ್ಲಿ ಕಡಿಮೆಗೆ ಇಟ್ಟಿರುತ್ತಾರೆ, ಕೇಳಿದರೆ ತೋರಿಸುತ್ತಾರೆ. ಒಂದು ಗ್ಯಾಲನ್ ಕಂದು ಬಣ್ಣ 9 ಡಾಲರಿಗೆ ಸಿಕ್ಕಿತು.

ರಟ್ಟನ್ನು ಮರದ ಹಲಗೆ ಮಾಡುವುದು ನನಗೆ ತುಂಬ ಹಿಡಿಸಿದ ಕೆಲಸ. ಮೊದಲ ಎರಡು ಹಾಳೆ ಹಾಳಾದವು, ಯಾಕೆಂದರೆ ಬಣ್ಣ ನೀರಾಗಿತ್ತು, ರಟ್ಟು ಮುದುಡಿತು. ಆಮೇಲೆ ತಿಳಿಯಿತು: ಬಣ್ಣ ಗಟ್ಟಿಯಾಗಿಯೇ ಇರಬೇಕು, ತೆಳುವಾಗಿ ಬಳಿಯಬೇಕು, ಹಿಂದಿನ ಬದಿಗೂ ಒಂದು ಕೈ ಹಚ್ಚಿದರೆ ಮುದುಡುವುದಿಲ್ಲ. ಪೂರ್ತಿ ಒಣಗಿದ ಮೇಲೆ ಅದೇ ಬಣ್ಣಕ್ಕೆ ಮನೆಯಲ್ಲಿದ್ದ ಬಿಳಿ ಬೆರೆಸಿ, ಅಗಲ ಬ್ರಷ್ಷಿನ ತುದಿಯನ್ನಷ್ಟೇ ಅದ್ದಿ, ಹಳೇ ಬಟ್ಟೆಗೆ ಒರೆಸಿ, ಹೆಚ್ಚೂಕಡಿಮೆ ಒಣಗಿದ ಬ್ರಷ್ಷನ್ನೇ ಒಂದೇ ದಿಕ್ಕಿನಲ್ಲಿ ಎಳೆಯಬೇಕು. ಕೂದಲೆಳೆಯಂಥ ಗೆರೆಗಳು ಏಳುತ್ತವೆ, ಮರದ ನಾರಿನ ಹಾಗೆ. ಮಧ್ಯೆ ಅಲ್ಲಲ್ಲಿ ಕೈ ಸ್ವಲ್ಪ ತಿರುಚಿದರೆ ಗಂಟು ಮೂಡುತ್ತದೆ. ಹಲಗೆಗಳ ಅಗಲ ಒಂದೇ ಅಳತೆ ಇರಬಾರದು: ಒಂದು 5 ಇಂಚು, ಪಕ್ಕದ್ದು 7, ಮುಂದಿನದು 6. ಸಂದಿಗಳಿಗೆ ಕಪ್ಪು ಮಾರ್ಕರ್. ಕೊನೆಗೆ ಪ್ರತಿ ಹಲಗೆಯ ತುದಿಗೆ ಎರಡೆರಡು ಮೊಳೆ ಚುಕ್ಕೆ, ಚುಕ್ಕೆಯ ಕೆಳಗೆ ತುಕ್ಕು ಇಳಿದ ಹಾಗೆ ಬೆರಳಿನಿಂದ ಒಂದು ಎಳೆ. ಆ ಮೊಳೆ ಇಡುವವರೆಗೆ ಅದು ಬಣ್ಣ ಬಳಿದ ರಟ್ಟು. ಮೊಳೆ ಇಟ್ಟ ಮೇಲೆ ಮಗಳು ಬಂದು ಮುಟ್ಟಿ ನೋಡಿದಳು.

ಸಲೂನಿನ ಎರಡು ರೆಕ್ಕೆ ಬಾಗಿಲನ್ನೂ ರಟ್ಟಿನಲ್ಲೇ ಕತ್ತರಿಸಿ, ಹಳೇ ಜೀನ್ಸಿನ ಪಟ್ಟಿಯಿಂದ ಕೀಲು ಮಾಡಿ, ಆ ಗೋಡೆಗೇ ಕೂರಿಸಿದೆವು. ಮನೆಯೊಳಗೆ ಹೋಗುವ ನಿಜವಾದ ಬಾಗಿಲಿಗೆ ಏನನ್ನೂ ಹಾಕಲಿಲ್ಲ, ಅದು ತೆರವಾಗಿಯೇ ಇರಬೇಕು.

ಕೂರಲು ಹುಲ್ಲಿನ ಪೆಂಡಿ. ಇಲ್ಲಿ ಎರಡು ಬಗೆ ಸಿಗುತ್ತವೆ, ಅಂಗಡಿಯಲ್ಲಿ ಸರಿಯಾಗಿ ಕೇಳಿ ತನ್ನಿ. ‘ಹೇ’ ಅಂದರೆ ದನದ ಮೇವು: ಹಸಿರು, ಬೀಜ, ದೂಳು, ಬೆಲೆಯೂ ಜಾಸ್ತಿ, ಸೀನು ಗ್ಯಾರಂಟಿ. ‘ಸ್ಟ್ರಾ’ ಅಂದರೆ ಗೋಧಿ ಕಾಳು ಬಿಡಿಸಿದ ಮೇಲೆ ಉಳಿಯುವ ಒಣ ಕಡ್ಡಿ: ಹೊಂಬಣ್ಣ, ಹಗುರ, ಅಗ್ಗ. ಆರು ಪೆಂಡಿ ತಂದೆವು, ಒಂದಕ್ಕೆ 9 ಡಾಲರ್. ಮಾವ ಒಂದು ಕಡ್ಡಿ ಎಳೆದು ಮುರಿದು ನೋಡಿ, “ನಮ್ಮ ರಾಗಿ ಹುಲ್ಲಿನಷ್ಟು ಮೆತ್ತಗಿಲ್ಲ, ದನ ತಿನ್ನಲ್ಲ ಇದನ್ನ” ಅಂದರು. ಕೂತರೆ ಚುಚ್ಚುತ್ತದೆ, ನಿಜ. ನನ್ನ ಹತ್ತಿರ ಹಾವೇರಿಯ ಅಜ್ಜಿ ಹೊಲಿದ ಎರಡು ಕೌದಿ ಇದ್ದವು, ಇನ್ನೆರಡು ಗೆಳತಿ ಕೊಟ್ಟಳು. ಹಳೇ ಸೀರೆ, ಅಂಗಿಯ ತುಂಡು ಸೇರಿಸಿ ಹೊಲಿದ ಕೌದಿ ಹಾಸಿದಾಗ ಟೆಕ್ಸಸ್ಸಿನ ನೆರೆಮನೆಯಾಕೆ ಬಂದು ಅಂಚಿನ ಹೊಲಿಗೆ ಸವರಿ, ತಮ್ಮಜ್ಜಿಯೂ ಹೀಗೇ ಹೊಲಿಯುತ್ತಿದ್ದಳು ಅಂದರು. ಆ ಸಂಜೆ ನನಗೆ ಎಲ್ಲಕ್ಕಿಂತ ಖುಷಿ ಕೊಟ್ಟ ಮಾತು ಅದು.

ಒಣಹುಲ್ಲು, ರಟ್ಟು, ಗೋಣಿ, ಮೂರೂ ಬೆಂಕಿಗೆ ತುತ್ತು. ಹಾಗಾಗಿ ಒಂದೂ ನಿಜವಾದ ಮೇಣದ ಬತ್ತಿ ಹಚ್ಚಲಿಲ್ಲ. ಗಾಜಿನ ಉಪ್ಪಿನಕಾಯಿ ಜಾಡಿಗಳಲ್ಲಿ ಬ್ಯಾಟರಿ ದೀಪ ಇಟ್ಟೆವು. ಗ್ಯಾಸ್ ವಾಟರ್ ಹೀಟರಿನ ಸುತ್ತ ಮೂರಡಿ ಖಾಲಿ ಬಿಟ್ಟು, ಅದರ ಮುಂದೆ ಒಂದು ಮೇಜು ಅಡ್ಡ ಇಟ್ಟು, ಮಕ್ಕಳು ಆ ಕಡೆ ಹೋಗದಂತೆ ನೋಡಿಕೊಂಡೆವು. ಸಿಗರೇಟು ಸೇದುವವರಿಗೆ ರಸ್ತೆ ಕಡೆ ಜಾಗ ತೋರಿಸಿದೆವು. ಛಾವಣಿಯ ಟ್ಯೂಬ್‌ಲೈಟ್ ಆರಿಸಿಬಿಟ್ಟು, ದೀಪಾವಳಿಯ ಸರಗಳಲ್ಲಿ ಹಳದಿ ಬೆಳಕಿನವನ್ನಷ್ಟೇ ಆಯ್ದು ಹಿಂದಿನ ಗೋಡೆಯ ಮೇಲೆ ಹಾಯಿಸಿದೆವು. ಬಿಳಿ ಟ್ಯೂಬ್‌ಲೈಟಿನಲ್ಲಿ ರಟ್ಟು ರಟ್ಟೇ. ಹಳದಿ ಬೆಳಕಿನಲ್ಲಿ ಅದು ಮರ.

‘ವಾಂಟೆಡ್’ ಪೋಸ್ಟರಿಗೆ ಫಿಲ್ಟರಿನ ಎರಡನೇ ಡಿಕಾಕ್ಷನ್ ಸಾಕು. ಬಿಳಿ ಹಾಳೆಯನ್ನು ತಟ್ಟೆಯಲ್ಲಿ ಐದು ನಿಮಿಷ ನೆನೆಸಿ ಬಿಸಿಲಿಗೆ ಒಣಗಿಸಿದರೆ ನೂರು ವರ್ಷದ ಬಣ್ಣ ಬರುತ್ತದೆ. ಇಂಕ್‌ಜೆಟ್ಟಿನಲ್ಲಿ ಮೊದಲೇ ಪ್ರಿಂಟ್ ತೆಗೆದು ನೆನೆಸಬೇಡಿ, ಶಾಯಿ ಹರಡುತ್ತದೆ. ಒಣಗಿದ ಮೇಲೆ ಬರೆಯಿರಿ. ಸ್ಯಾಮ್ ಬಾಸ್‌ಗೆ ಒಂದು ಪೋಸ್ಟರ್, ಬಂದವರಿಗೆಲ್ಲ ಒಂದೊಂದು: ‘ಮಜ್ಜಿಗೆಹುಳಿ ತಳ ಕಾಣಿಸಿದವನು, ಬಹುಮಾನ ಎರಡು ಒಬ್ಬಟ್ಟು’ ಅಂತೆಲ್ಲ. ಅವುಗಳ ಪಕ್ಕದಲ್ಲಿ ಬಿಲ್ ಪಿಕೆಟ್‌ನ ಫೋಟೊ. 1870ರಲ್ಲಿ ನಮ್ಮ ವಿಲಿಯಮ್‌ಸನ್ ಕೌಂಟಿಯಲ್ಲೇ ಹುಟ್ಟಿದ ಕಪ್ಪು ಕೌಬಾಯ್ ಅವನು, ಓಡುವ ಕುದುರೆಯಿಂದ ಹೋರಿಯ ಮೇಲೆ ಎರಗಿ ಕೊಂಬು ಹಿಡಿದು ಕೆಡವುವ ಆಟವನ್ನು ಕೌಬಾಯ್‌ಗಳ ಪಂದ್ಯವಾದ ರೋಡಿಯೊಗೆ ತಂದವನು. ಗರಿಯ ಕಿರೀಟ, ಚರ್ಮದ ಗುಡಾರ, ಅಂಟಿಸುವ ಮೀಸೆ ಇವು ಯಾವುವೂ ಬೇಡ ಅಂತ ಕರೆಯುವಾಗಲೇ ಎಲ್ಲರಿಗೂ ಹೇಳಿದ್ದೆ. ಮೂಲನಿವಾಸಿಗಳ ನೆಲ ಹೋದದ್ದು ಆ ಕಾಲದಲ್ಲೇ, ಅವರ ಪೂಜೆಯ ವಸ್ತು ನಮ್ಮ ಅಲಂಕಾರ ಆಗಬಾರದು. ದನ ಕಾಯುವ ಕಸುಬನ್ನು ಇಲ್ಲಿನವರಿಗೆ ಕಲಿಸಿದವರೂ ಮೆಕ್ಸಿಕೊದ ವಕೇರೊಗಳು, ಅಂದರೆ ದನಗಾಹಿಗಳು; ಮೀಸೆ ಅಂಟಿಸಿಕೊಂಡು ಅವರನ್ನು ಗೇಲಿ ಮಾಡುವುದು ಬೇಡ ಅನ್ನಿಸಿತು. ರೋಡಿಯೊ, ಲಾಸೊ (ದನ ಹಿಡಿಯುವ ಕುಣಿಕೆ ಹಗ್ಗ) ಎಲ್ಲ ಅವರ ಸ್ಪ್ಯಾನಿಷ್‌ನಿಂದ ಬಂದ ಮಾತುಗಳು.

ಕೊನೇ ಅಡಚಣೆ ಆದದ್ದು ಪಾರ್ಟಿಯ ಹಿಂದಿನ ರಾತ್ರಿ. ಕಾಫಿ ಅರ್ನ್ (ಕಾಫಿ ಕಾಯಿಸುವ ದೊಡ್ಡ ಕರೆಂಟಿನ ಪಾತ್ರೆ), ರೈಸ್ ಕುಕ್ಕರ್, ಎರಡು ಸ್ಲೋ ಕುಕ್ಕರ್ ಒಟ್ಟಿಗೆ ಹಾಕಿ ನೋಡಿದಾಗ ಬ್ರೇಕರ್ ಬಿದ್ದು ಇಡೀ ಗ್ಯಾರೇಜ್ ಕತ್ತಲು. ಗ್ಯಾರೇಜಿನ ಕರೆಂಟ್ ಲೈನು 15 ಆಂಪ್, 120 ವೋಲ್ಟ್, ಅಂದರೆ ಎಲ್ಲ ಸೇರಿ 1800 ವಾಟ್ ಮಿತಿ. ಅರ್ನ್ ಒಂದೇ 1500 ತಿನ್ನುತ್ತಿತ್ತು. ಅದನ್ನೂ ರೈಸ್ ಕುಕ್ಕರನ್ನೂ ಅಡುಗೆಮನೆಗೆ ಕಳಿಸಿದೆವು. ಮೊದಲ ದಿನವೇ ಎಲ್ಲ ಹಚ್ಚಿ ನೋಡಿಕೊಳ್ಳುವುದು ಒಳ್ಳೆಯದು.

ಲೆಕ್ಕ ಹೀಗೆ: ಹುಲ್ಲು 54, ಪೇಂಟ್ 9, ಮೇಜಿಗೆ ಹಾಸಲು ಕಂದು ಕಾಗದದ ಸುರುಳಿ 13, ಬಂದವರ ಕೊರಳಿಗೆ ಬಂಡಾನ 14, ಕೊಕ್ಕೆ ಕ್ಲಿಪ್ಪು 16, ಹಗ್ಗ 8, ಬ್ಯಾಟರಿ ದೀಪ 5. ಒಟ್ಟು 119 ಡಾಲರ್. ನಾಲ್ಕು ವಾರಾಂತ್ಯ ಹಿಡಿಯಿತು.

ಮರುದಿನ ಕೌದಿಗಳನ್ನು ಬಿಸಿಲಿಗೆ ಹಾಕಿ, ಪೆಂಡಿ ಬಿಚ್ಚಿ ಹಿತ್ತಲಿನ ಮಡಿಗಳಿಗೆ ಹೊದಿಸಿದೆವು. ಸಲೂನ್ ಗೋಡೆಯನ್ನು ಮಗಳ ಶಾಲೆಯ ನಾಟಕಕ್ಕೆ ಕೇಳಿ ತೆಗೆದುಕೊಂಡು ಹೋದರು. ಕೊಕ್ಕೆಗಳು ಗೋಡೆಯಲ್ಲೇ ಇವೆ. ಎರಡು ವಾರ ಕಳೆದ ಮೇಲೆ ಹುಲ್ಲಿನಲ್ಲಿ ಉಳಿದಿದ್ದ ಗೋಧಿ ಕಾಳು ಮೊಳೆತು, ಮೆಂತ್ಯದ ಮಡಿಯ ತುಂಬ ಹಸಿರು ಎದ್ದಿತು. ಕೀಳಲು ಹೋದರೆ ಮಾವ ಬಿಡಲಿಲ್ಲ, “ತೆನೆ ಬರ್ಲಿ ಇರು” ಅಂತ ಮೆಂತ್ಯದ ಜೊತೆ ಅದಕ್ಕೂ ನೀರು ಹಾಕಿದರು.