ಗ್ರಾಂಟ್ ಅರ್ಜಿಗೆ ಮೊದಲು ಕ್ಲಿನಿಕಲ್ ಸೀಟು ಎಣಿಸಿ

ಅಮೆರಿಕದ ಕಮ್ಯುನಿಟಿ ಕಾಲೇಜಿನ ಆರೋಗ್ಯ ಕೋರ್ಸ್‌ಗಳಿಗೆ ಫೆಡರಲ್ ಗ್ರಾಂಟ್ ಬರೆಯುವಾಗ ನಾನು ಬಜೆಟ್‌ಗೆ ಆಮೇಲೆ ಕೈ ಹಾಕುತ್ತೇನೆ. ಮೊದಲ ಲೆಕ್ಕ ಕ್ಲಿನಿಕಲ್ ಸೀಟುಗಳದ್ದು, ಅಂದರೆ ನಿಜವಾದ ರೋಗಿಗಳ ಬಳಿ ನಿಂತು ಕಲಿಯಲು ಸಿಗುವ ಜಾಗಗಳದ್ದು. ತರಗತಿಗೆ ಇನ್ನೂ ಹತ್ತು ಕುರ್ಚಿ ಹಾಕಬಹುದು, ನರ್ಸಿಂಗ್ ಹೋಮಿನಲ್ಲಿ ಹಾಗಾಗದು. (ಇಲ್ಲಿ ನರ್ಸಿಂಗ್ ಹೋಮ್ ಅಂದರೆ ನಮ್ಮೂರಿನ ಸಣ್ಣ ಆಸ್ಪತ್ರೆಯಲ್ಲ, ವಯಸ್ಸಾದವರು ವಾಸವಿರುವ ಆರೈಕೆ ಕೇಂದ್ರ.)

ಸಿಎನ್‌ಎ, ಅಂದರೆ ಸರ್ಟಿಫೈಡ್ ನರ್ಸಿಂಗ್ ಅಸಿಸ್ಟೆಂಟ್ ಕೋರ್ಸನ್ನೇ ನೋಡಿ. ಫೆಡರಲ್ ಕನಿಷ್ಠ 75 ಗಂಟೆ. ಕ್ಯಾಲಿಫೋರ್ನಿಯಾದಲ್ಲಿ 160, ಅದರಲ್ಲಿ 100 ಕ್ಲಿನಿಕಲ್. ಎಂಟು ಗಂಟೆಯ ಪಾಳಿಯಾದರೆ 13 ದಿನ. ಕೇಂದ್ರ ವಾರಕ್ಕೆ ಎರಡು ದಿನ, ಪಾಳಿಗೆ 8 ಜನರನ್ನು ಮಾತ್ರ ಬಿಟ್ಟುಕೊಂಡರೆ ಒಂದು ಬ್ಯಾಚ್‌ಗೆ 7 ವಾರ ಬೇಕು. 40 ವಾರದ ವರ್ಷದಲ್ಲಿ ಐದು ಬ್ಯಾಚ್, 40 ಜನ. ಅರ್ಜಿಯಲ್ಲಿ 120 ಎಂದು ಬರೆದಿದ್ದರೆ ಇಂಥ ಮೂರು ಕೇಂದ್ರಗಳು ಬೇಕು.

ಆದ್ದರಿಂದ ‘ನಮ್ಮ ಸಂಪೂರ್ಣ ಬೆಂಬಲವಿದೆ’ ಎಂದು ಕೇಂದ್ರ ಬರೆದುಕೊಡುವ ಪತ್ರದಿಂದ ಉಪಯೋಗವಿಲ್ಲ. ಯಾವ ಪಾಳಿ, ಎಷ್ಟು ಸೀಟು, ಮುಗಿಸಿದವರಲ್ಲಿ ಎಷ್ಟು ಜನರನ್ನು ಸಂದರ್ಶನಕ್ಕೆ ಕರೆಯುತ್ತಾರೆ, ಇವು ಅಂಕಿಯಲ್ಲಿ ಇರಲಿ. ಕೇಂದ್ರದ ಚರಿತ್ರೆಯನ್ನೂ ನೋಡಬೇಕು: ತಪಾಸಣೆಯಲ್ಲಿ ದೊಡ್ಡ ಮೊತ್ತದ ದಂಡ ಬಿದ್ದ ಕಡೆ 2 ವರ್ಷ ಸಿಎನ್‌ಎ ತರಬೇತಿ ನಡೆಸುವಂತಿಲ್ಲ. ವಿನಾಯಿತಿ ಕೇಳಬಹುದು, ಆದರೆ ಅದನ್ನು ನೆಚ್ಚಿಕೊಂಡು ಬ್ಯಾಚ್ ತೆರೆಯಬಾರದು. ಅಲ್ಲಿನ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇರ್‌ನ ‘ಕೇರ್ ಕಂಪೇರ್’ ತಾಣದಲ್ಲಿ ದಂಡದ ವಿವರ ಸಿಗುತ್ತದೆ. ಹತ್ತು ನಿಮಿಷದ ಕೆಲಸ.

ಬಜೆಟ್‌ನಲ್ಲಿ ಹೆಚ್ಚು ಜನ ಎಡವುವುದು ಇನ್‌ಡೈರೆಕ್ಟ್ ಕಾಸ್ಟ್‌ನಲ್ಲಿ, ಅಂದರೆ ಕರೆಂಟು, ಅಕೌಂಟ್ಸ್ ವಿಭಾಗ ಇಂಥವುಗಳ ಪಾಲಿನಲ್ಲಿ. ಸರ್ಕಾರದೊಂದಿಗೆ ಮಾತಾಡಿ ಗೊತ್ತುಪಡಿಸಿದ ದರ ಇಲ್ಲದ ಕಾಲೇಜು 2024ರ ಅಕ್ಟೋಬರ್ 1ರಿಂದ ಶೇ. 15ರವರೆಗೆ ಹಾಕಬಹುದು, ಮೊದಲು ಶೇ. 10 ಇತ್ತು. ಆದರೆ ಒಟ್ಟು ಮೊತ್ತದ ಮೇಲಲ್ಲ. ನೇರ ಖರ್ಚು 4,00,000 ಡಾಲರ್ ಎಂದುಕೊಳ್ಳಿ. ಅದರಲ್ಲಿ ಸಿಮ್ಯುಲೇಶನ್ ಮ್ಯಾನಿಕಿನ್ (ಅಭ್ಯಾಸಕ್ಕೆ ಬಳಸುವ ರೋಗಿಯ ಬೊಂಬೆ) 90,000, ವಿದ್ಯಾರ್ಥಿಗಳ ಸ್ಟೈಪೆಂಡ್ ಮತ್ತು ಪ್ರಯಾಣ ಭತ್ಯೆ 60,000. ಇವೆರಡನ್ನೂ ಕಳೆದು ಉಳಿದ 2,50,000ಕ್ಕೆ ಶೇ. 15, ಅಂದರೆ 37,500. ಕಣ್ಣುಮುಚ್ಚಿ ಪೂರ್ತಿ 4,00,000ಕ್ಕೆ ಶೇ. 15 ಎಂದು 60,000 ಬರೆದರೆ 22,500 ಡಾಲರ್ ಕಾಲೇಜಿನ ಜೇಬಿನಿಂದ ಹೋಗುತ್ತದೆ. ಮ್ಯಾನಿಕಿನ್ ಕೊಳ್ಳುವಾಗ ನಿರ್ವಹಣೆ ಒಪ್ಪಂದವನ್ನೂ ಕೇಳಿ. ಗ್ರಾಂಟ್ ಮುಗಿದ ಮೇಲಿನ ವರ್ಷಗಳ ರಿಪೇರಿ ಖರ್ಚು ಯಾರದ್ದೆಂದು ಮೊದಲೇ ತೀರ್ಮಾನವಾಗದಿದ್ದರೆ ಮ್ಯಾನಿಕಿನ್ ಕಪಾಟು ಸೇರುತ್ತದೆ.

ಇನ್ನೊಂದು ನಿಯಮ ಅರ್ಜಿ ಬರೆಯುವವರಿಗೇ ಗೊತ್ತಿರುವುದಿಲ್ಲ. ಕೋರ್ಸ್ ಶುರುವಾಗುವ ದಿನಕ್ಕೆ ನರ್ಸಿಂಗ್ ಹೋಮಿನಲ್ಲಿ ಕೆಲಸದಲ್ಲಿರುವ ಅಥವಾ ಕೆಲಸದ ಆಫರ್ ಸಿಕ್ಕಿರುವ ವಿದ್ಯಾರ್ಥಿಯಿಂದ ಸಿಎನ್‌ಎ ಪುಸ್ತಕದ ದುಡ್ಡನ್ನೂ ವಸೂಲಿ ಮಾಡುವಂತಿಲ್ಲ. ದಾಖಲಾತಿ ಫಾರ್ಮಿನಲ್ಲಿ ಆ ಪ್ರಶ್ನೆ ಇರಲೇಬೇಕು.

ಕಾರ್ಮಿಕ ಇಲಾಖೆಯ ಗ್ರಾಂಟ್ ಆದರೆ ವಿದ್ಯಾರ್ಥಿ ಕಾರ್ಯಕ್ರಮದಿಂದ ಹೊರಬಂದ ಮೇಲೆ ಎರಡನೇ ಮತ್ತು ನಾಲ್ಕನೇ ತ್ರೈಮಾಸಿಕದಲ್ಲಿ ಕೆಲಸದಲ್ಲಿದ್ದಾರೆಯೇ ಎಂದು ಅಳೆಯುವುದು ವಾಡಿಕೆ. ಅದಕ್ಕೆ ಸೋಶಿಯಲ್ ಸೆಕ್ಯುರಿಟಿ ನಂಬರ್ (ಅಲ್ಲಿನ ಸರ್ಕಾರಿ ಗುರುತಿನ ಸಂಖ್ಯೆ) ಬೇಕು, ಆದರೆ ಅದನ್ನು ಕೊಡದಿದ್ದರೆ ತರಬೇತಿ ನಿರಾಕರಿಸುವಂತಿಲ್ಲ. ಮೊದಲ ದಿನವೇ ಒಪ್ಪಿಗೆ ಪತ್ರಕ್ಕೆ ಸಹಿ ಪಡೆಯಿರಿ. ಸರ್ಟಿಫಿಕೇಟ್ ಕೈಗೆ ಬಂದವರು ಆಮೇಲೆ ಫೋನ್ ಎತ್ತುವುದಿಲ್ಲ.

ಫೆಡರಲ್ ಗ್ರಾಂಟ್ ಕೇಳುವ ಸಂಸ್ಥೆಗಳು ಹೆಸರು ನೋಂದಾಯಿಸುವ ಸರ್ಕಾರಿ ತಾಣ ಸ್ಯಾಮ್ ಡಾಟ್ ಗವ್ (SAM.gov). ಅಲ್ಲಿನ ನೋಂದಣಿಯನ್ನು ಪ್ರತಿವರ್ಷ ನವೀಕರಿಸಬೇಕು. ಅರ್ಜಿಯ ಕೊನೆಯ ವಾರದಲ್ಲಿ ಅವಧಿ ಮುಗಿದದ್ದು ಕಂಡರೆ ಆ ಸಲದ ಆಸೆ ಬಿಟ್ಟಂತೆಯೇ.